ಜಾಲಿ ಕೆಂಡದ ಮೇಲೆ ತಲೆ-ಕಾಲು

ಗ್ಯಾಸಿನ ಬರ್ನರಿಗೆ ಒಡ್ಡಿ ಹತ್ತು ನಿಮಿಷಕ್ಕೆ ಕಪ್ಪು ಮಾಡಿ ಕವರಿಗೆ ತುಂಬಿಕೊಡುವ ಕುರಿ ತಲೆಗೂ, ಮಾಗಿಯ ಚಳಿಯಲ್ಲಿ ಹಿತ್ತಲಿನ ಜಾಲಿ ಕೆಂಡದ ಮೇಲೆ ನಿಧಾನವಾಗಿ ಸುಟ್ಟ ತಲೆಗೂ ಒಂದೇ ಹೆಸರಿರುವುದು ಅನ್ಯಾಯ. ಎರಡೂ ಕೊನೆಗೆ ಸಾರಾಗುತ್ತವೆ, ನಿಜ. ಎರಡಕ್ಕೂ ಬೀಳುವುದು ಅದೇ ಮಸಾಲೆ. ಆದರೆ ಬರ್ನರಿನದರಲ್ಲಿ ಉರಿಯುಂಟು, ಹೊಗೆಯಿಲ್ಲ. ತಲೆ-ಕಾಲಿನ ಸಾರಿಗೆ ಹೊಗೆಯೇ ಮೊದಲ ಮಸಾಲೆ. ಕೊತ್ತಂಬರಿ ಬೀಜ, ಗಸಗಸೆ, ಚಕ್ಕೆ, ಲವಂಗ ಎಲ್ಲವೂ ಆಮೇಲೆ.

ಈ ರುಚಿ ನೋಡಬೇಕಾದವರು ತುಮಕೂರಿನಿಂದ ಬಡಗಲಿಗೆ, ಮೂಡಲಿಗೆ ಬರಬೇಕು. ಕೊರಟಗೆರೆ, ಮಧುಗಿರಿ, ಶಿರಾ, ಅದಕ್ಕೂ ಆಚೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರವನ್ನೇ ಇಟ್ಟುಕೊಂಡು ಕೂತ ಪಾವಗಡ. ಮಳೆ ಕಮ್ಮಿ, ಕುರಿ ಜಾಸ್ತಿ. ಕುರುಬರು, ಕಾಡುಗೊಲ್ಲರು ತಲೆತಲಾಂತರದಿಂದ ಮಂದೆ ಕಟ್ಟಿದ ಸೀಮೆ. ಇಲ್ಲಿನ ಚಳಿಗಾಲದ ಸ್ವಭಾವವೇ ಬೇರೆ. ಹಗಲು ಬಿಸಿಲು ಚುರುಗುಟ್ಟುತ್ತದೆ. ಹೊತ್ತು ಮುಳುಗಿದ ಮೇಲೆ ಮಧುಗಿರಿಯ ಏಕಶಿಲಾ ಬೆಟ್ಟ ಹಗಲಿಡೀ ಕುಡಿದ ಕಾವನ್ನು ಸ್ವಲ್ಪ ಹೊತ್ತು ಬಿಡುತ್ತಾ ನಿಲ್ಲುತ್ತದೆ. ಅದೂ ಆರಿದ ಮೇಲೆ ಚಳಿ ನೆಲದಿಂದಲೇ ಏಳುತ್ತದೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದದ್ದು ಈ ಮೋಡವಿಲ್ಲದ ಆಕಾಶವನ್ನು ನಂಬಿಯೇ. ರಾತ್ರಿ ನೆಲದ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುವುದೂ ಅದೇ ಆಕಾಶ. ಬೆಳಗಿನ ಜಾವ ಮೂಡಗಾಳಿ ಬೀಸಿತೆಂದರೆ ಕಂಬಳಿ ಹೊದ್ದವರ ಹಲ್ಲೂ ಕಟಕಟ ಅನ್ನುತ್ತದೆ.

ಮರಿ ಕಡಿಯುವುದು ಇಂಥ ಹೊತ್ತಿನಲ್ಲೇ. ಹಬ್ಬದ ಮಾರನೇ ದಿನವೋ, ಮಾರಮ್ಮನ ಹರಕೆಯೋ, ನಾಲ್ಕು ಮನೆಯವರು ಸೇರಿ ಹಾಕಿದ ಗುಡ್ಡೆ ಬಾಡೋ, ನೆಪ ಯಾವುದಾದರೂ ಆದೀತು. ಮಾಂಸ ಗುಡ್ಡೆಗುಡ್ಡೆಯಾಗಿ ಹಂಚಿಹೋಗುತ್ತದೆ. ಎಷ್ಟೋ ಕಡೆ ತಲೆ-ಕಾಲು ಮಾತ್ರ ಗುಡ್ಡೆಗೆ ಸೇರುವುದಿಲ್ಲ, ಬೇರೆಯಾಗಿಯೇ ಉಳಿಯುತ್ತದೆ. ಅದನ್ನು ಯಾರು ಒಯ್ದರು ಎಂಬುದರ ಮೇಲೆ ಅವತ್ತಿನ ನನ್ನ ನೆಂಟಸ್ತಿಕೆ ನಿರ್ಧಾರವಾಗುತ್ತದೆ.

ಮೊದಲು ಸೌದೆಯ ಮಾತು. ತೆಂಗಿನ ಚಿಪ್ಪು ಭಗ್ಗೆಂದು ಹೊತ್ತಿ ಅಷ್ಟೇ ಬೇಗ ಮುಗಿಯುತ್ತದೆ. ಬೆಂಕಿ ಹಚ್ಚಲು ಸರಿ, ಸುಡಲು ಅಲ್ಲ. ಮಟ್ಟೆಯಲ್ಲಿ ಹೊಗೆಯೇನೋ ಧಾರಾಳ, ಕಾವು ಸಾಲದು. ಹುಣಸೆ ಕೊರಡಿನ ಕೆಂಡ ಉತ್ತಮ, ಆದರೆ ಹುಣಸೆಯನ್ನು ಸೌದೆ ಮಾಡಲು ಯಾರಿಗೂ ಮನಸ್ಸು ಬಾರದು. ಹಣ್ಣಿನ ಆದಾಯ ಒಂದು ಕಡೆ, ಮಾಂಸದಂಗಡಿಯ ಕೊರಡಿಗೆ ಅದೇ ಮರ ಬೇಕೆಂಬುದು ಇನ್ನೊಂದು ಕಡೆ. ಹಾಗಾಗಿ ಉಳಿಯುವುದು ಬಳ್ಳಾರಿ ಜಾಲಿ. ನೀರಿಲ್ಲದ ಕೆರೆಯಂಗಳಗಳನ್ನೆಲ್ಲ ನುಂಗಿ ಕೂತ, ಮುಳ್ಳು ಚುಚ್ಚಿದರೆ ಎರಡು ದಿನ ಕಾಲೂರಲು ಬಿಡದ ಈ ಗಿಡವನ್ನು ಹೊಗಳುವವರು ಕಮ್ಮಿ. ಒಲೆಯ ಮುಂದೆ ಕೂತಾಗ ಮಾತ್ರ ನಾನು ಅದರ ಪಕ್ಷ. ಬೆರಳುದಪ್ಪದ ಕಡ್ಡಿಯೂ ಗಟ್ಟಿ ಕೆಂಡವಾಗುತ್ತದೆ, ಬೇಗ ಬೂದಿಯಾಗುವುದಿಲ್ಲ. ಇದ್ದಿಲು ಸುಡುವವರು ಇದನ್ನೇ ಹುಡುಕಿಕೊಂಡು ಬರುವುದು ಸುಮ್ಮನೆ ಅಲ್ಲ. ಇದರ ಮೂಲ ಅಮೆರಿಕ ಖಂಡ. ನಮ್ಮ ದೇಶಕ್ಕೆ ಕಾಲಿಟ್ಟದ್ದು 19ನೇ ಶತಮಾನದಲ್ಲಿ. ಇದರ ದಾಯಾದಿಯಾದ ಮೆಸ್ಕೀಟ್ ಮರದ ಕೆಂಡದ ಮೇಲೆ ಟೆಕ್ಸಾಸಿನವರು ಮಾಂಸ ಸುಟ್ಟು ಅದನ್ನು ಊರಿನ ಹೆಮ್ಮೆ ಮಾಡಿಕೊಂಡಿದ್ದಾರೆ. ಅದೇ ಕುಲದ ಮರದಿಂದ ನಾವು ಬೇಲಿ ಮಾಡಿಕೊಂಡು ಬೈಯುತ್ತಾ ಕೂತಿದ್ದೇವೆ. ಒಂದೇ ಎಚ್ಚರಿಕೆ: ಹಸಿ ಜಾಲಿ ಕೂಡದು. ಅದರ ಹೊಗೆ ಕಣ್ಣಿಗೂ ಕೇಡು, ಚರ್ಮಕ್ಕೂ ಕಹಿ.

ಗಾಳಿಯಿರುವಾಗ ಒಲೆ ಹೂಡುವುದೇ ಅರ್ಧ ವಿದ್ಯೆ. ಮೂರು ಕಲ್ಲಿನ ಬಾಯಿ ಗಾಳಿಗೆ ಎದುರಾದರೆ ಉರಿ ರೊಯ್ಯನೆ ಎದ್ದು, ಒಳಗೆ ಹಸಿ ಇರುವಾಗಲೇ ಹೊರಗೆ ಕರಕಲಾಗುತ್ತದೆ. ಪೂರ್ತಿ ಮರೆ ಕಟ್ಟಿದರೆ ಬೆಂಕಿ ಉಸಿರುಗಟ್ಟಿ ಹಳದಿ ಹೊಗೆ ಕಾರುತ್ತದೆ. ತಿಳಿದವರು ಗಾಳಿಯನ್ನು ಓರೆಯಲ್ಲಿ ಬಿಟ್ಟುಕೊಳ್ಳುತ್ತಾರೆ: ಒಂದು ಮಗ್ಗುಲಿಗೆ ಗೋಡೆ, ಇನ್ನೊಂದಕ್ಕೆ ಅಡ್ಡ ನಿಲ್ಲಿಸಿದ ಒಂದು ತಗಡು, ನಡುವೆ ಗಾಳಿ ನುಸುಳಿ ಹೋಗಲು ಸಂದು. ಉತ್ಸಾಹಿ ಹುಡುಗನೊಬ್ಬ ಬಗ್ಗಿ ಊದಲು ಶುರು ಮಾಡಿದರೆ ಹಿರಿಯರ ಗದರಿಕೆ ಸಿದ್ಧ: “ಉರಿ ಎಬ್ಬಿಸಬ್ಯಾಡ ಕಣ್ಲಾ, ಕೆಂಡ ಆಗ್ಲಿ ಬಿಡು.”

ಕೆಂಡವಾದ ಮೇಲೆ ಸಲಾಕೆ. ಕತ್ತಿನ ಕಡೆಯಿಂದ ಸಲಾಕೆ ಚುಚ್ಚಿ ತಲೆಯನ್ನು ಕೆಂಡದ ಮೇಲೆ ಹಿಡಿದರೆ ಮೊದಲು ಕೂದಲು ಚರಚರ ಸುರುಟುತ್ತದೆ. ಆ ಕಮಟು ಮೂಗಿಗೆ ಹಿತವಲ್ಲ. ಕೂದಲಿನಲ್ಲಿರುವ ಗಂಧಕದ ಅಂಶ ಅದು. ಹೊಸಬರು ಮೂಗು ಮುಚ್ಚಿಕೊಂಡು ಎದ್ದುಹೋಗುವುದು ಇಲ್ಲೇ. ಎದ್ದುಹೋದವರಿಗೆ ಮುಂದಿನದು ಸಿಗುವುದಿಲ್ಲ. ಕರಿ ಕಟ್ಟಿದ್ದನ್ನು ಚಾಕುವಿನ ಮೊಂಡ ಬೆನ್ನಿನಿಂದ ಹೆರೆದು ಮತ್ತೆ ಕೆಂಡಕ್ಕೆ ಕೊಡುತ್ತಾರೆ. ಮತ್ತೆ ಹೆರೆತ, ಮತ್ತೆ ಕೆಂಡ. ಕಿವಿಯ ಮಡಿಕೆ, ತುಟಿಯ ಅಂಚು, ಕಣ್ಣಿನ ಗುಳಿ, ಗೊರಸಿನ ಸಂದು, ಇವು ನಾಲ್ಕು ಸೋಮಾರಿಗಳ ಬಣ್ಣ ಬಯಲು ಮಾಡುವ ಜಾಗ. ಕಾದ ಕೊಂಬಿನ ಬುಡಕ್ಕೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಹೊರಚಿಪ್ಪು ಟೊಪ್ಪಿಗೆಯ ಹಾಗೆ ಕಳಚಿಕೊಳ್ಳುತ್ತದೆ. ಬಿಸಿ ಆರುವ ಮೊದಲೇ ಗೊರಸನ್ನೂ ತಿರುಚಿ ಕಿತ್ತುಬಿಡಬೇಕು; ಆರಿದರೆ ಅದು ಯಾರಪ್ಪನ ಮಾತೂ ಕೇಳುವುದಿಲ್ಲ. ಕೊನೆಯ ಹೆರೆತಕ್ಕೆ ಕಪ್ಪಿನ ಕೆಳಗಿನಿಂದ ಚರ್ಮ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿ, ಬಿಗಿದು, ಮಿರುಗುತ್ತದೆ. ಕಮಟು ಹೋಗಿ ಬೇರೊಂದು ವಾಸನೆ ಏಳುವುದು ಆಗ. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಕಾವಿಗೆ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಕಂಪಿನ ವಸ್ತುಗಳನ್ನು ಬಿಡುತ್ತದೆ ಎನ್ನುವುದು ರಸಾಯನಶಾಸ್ತ್ರದ ವಿವರಣೆ. ಪಕ್ಕದ ಮನೆಯ ನಾಯಿ ಬೇಲಿ ಹಾರಿ ಬಂದು ಕೂರುವುದು ಅದರ ರುಜುವಾತು.

ಇದಕ್ಕೆ ಚಳಿಗಾಲವೇ ಆಗಬೇಕೆಂಬ ನನ್ನ ಹಟಕ್ಕೆ ಕಾರಣವುಂಟು. ಹೊಗೆ ಕೂರುವುದು ತಣ್ಣಗಿನ, ತುಸು ಪಸೆಯಿರುವ ಮೈಯ ಮೇಲೆ. ಬಿಸಿಯಾಗಿ ಒಣಗಿದ ಮೈಯನ್ನು ಅದು ಸವರಿಕೊಂಡು ಹೋಗಿಬಿಡುತ್ತದೆ. ಚಳಿಯಲ್ಲಿ ರಾತ್ರಿ ಪೂರಾ ತೂಗಿದ್ದ ತಲೆ ಬೆಳಗ್ಗೆ ಕೆಂಡದ ಮುಂದೆ ಬಂದಾಗ ಹೊಗೆ ಅದಕ್ಕೆ ಅಂಟಿಕೊಳ್ಳುವ ಪರಿ ಬೇಸಿಗೆಯಲ್ಲಿ ಬಾರದು. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಸುಡುವ ತಲೆ ಅದೇ ಸೌದೆ, ಅದೇ ಕೈಯದಾದರೂ ಒಂದು ಗುಲಗಂಜಿ ಕಮ್ಮಿಯೇ.

ಅಮೆರಿಕದ ಕೆರೊಲೈನಾ ಸೀಮೆಯಲ್ಲಿ ಹಂದಿಯ ಮುಂಗಾಲಿನ ಮೇಲಿನ ಭುಜದ ತುಂಡನ್ನು ಹೀಗೇ ಹೊಗೆಗೆ ಇಡುತ್ತಾರೆ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹತ್ತು ಹನ್ನೆರಡು ಗಂಟೆ. ನಡುವೆ ಎಲ್ಲೋ 65–70 ಡಿಗ್ರಿಯಲ್ಲಿ ಮಾಂಸದ ಕಾವು ಗಂಟೆಗಟ್ಟಲೆ ಏರದೆ ನಿಂತುಬಿಡುತ್ತದೆ. ಮಡಕೆಯ ನೀರನ್ನು ತಣ್ಣಗಿಡುವ ಆವಿಯ ಕೆಲಸವೇ ಅಲ್ಲಿಯೂ ನಡೆಯುತ್ತಿರುತ್ತದೆ. ಗಾಳಿ ಬೀಸಿದಷ್ಟೂ ತೇವ ಹಾರುತ್ತದೆ, ಮಾಂಸ ಇನ್ನಷ್ಟು ತಡ ಮಾಡುತ್ತದೆ, ಕಾಯುವವನ ತಾಳ್ಮೆ ಸೋರುತ್ತದೆ. ಭುಜವೂ ಕಾಲೂ ಹೆಚ್ಚು ದುಡಿದ ಅಂಗಗಳು, ಅವುಗಳ ನಾರು ಅಂಟಾಗಿ ಕರಗಲು ಹೊತ್ತು ಬೇಕೇ ಬೇಕು. ನಮ್ಮ ಕಡೆಯೂ ಹಂದಿ ತಿನ್ನುವವರಿದ್ದಾರೆ. ತೆಂಗಿನ ಗರಿಯ ಉರಿಯಲ್ಲಿ ಸುಟ್ಟು ಹೆರೆಯುತ್ತಾರೆ, ಚರ್ಮವನ್ನು ಬಿಸಾಡುವುದಿಲ್ಲ. ಕೊಡಗಿನವರು ಅದಕ್ಕೆ ಕಾಚಂಪುಳಿಯ ಹುಳಿ ಕೊಟ್ಟು ಇನ್ನೊಂದೇ ಲೋಕ ಮಾಡಿದ್ದಾರೆ, ಅದರ ಮಾತು ಇಲ್ಲಿ ಬೇಡ. ನಾವು ಮಾತ್ರ ಆ ಹನ್ನೆರಡು ಗಂಟೆಯನ್ನು ಎರಡು ಪಾಲು ಮಾಡಿದ್ದೇವೆ: ಹೊಗೆಯ ಪಾಲು ಹಿತ್ತಲಿಗೆ, ಕರಗಿಸುವ ಪಾಲು ಸಾರಿನ ಮಡಕೆಗೆ.

ಸುಟ್ಟ ತಲೆಗೆ ಅರಿಶಿನ ಸವರಿ, ಉಜ್ಜಿ ತೊಳೆದು, ಹುಣಸೆ ಕೊರಡಿನ ಮೇಲೆ ಮಚ್ಚಿನಿಂದ ಸೀಳುತ್ತಾರೆ. ಮಿದುಳು ಒಡೆಯದಂತೆ ಸೀಳುವವನ ಕೈಗೆ ಬೆಲೆ ಕಟ್ಟಲಾಗದು. ಮಿದುಳು ಬೇರೆ ತಟ್ಟೆಗೆ, ಈರುಳ್ಳಿ ಮೆಣಸಿನ ಪುಡಿಯ ಜೊತೆ ಹುರಿಯಲು. ಕಾಲಿನ ಸೂಪಿಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಸಾಕು. ರಾತ್ರಿ ಸಣ್ಣ ಕೆಂಡದ ಮೇಲೆ ಮಡಕೆ ಇಟ್ಟು ಮಲಗಿದರೆ ಬೆಳಗ್ಗೆ ಸೂಪು ಬೆರಳಿಗೆ ಅಂಟುತ್ತದೆ. ಕುಕ್ಕರಿನಲ್ಲಿ ಎಂಟು ವಿಷಲ್ ಕೂಗಿಸಿದರೂ ಕಾಲು ಬೇಯುತ್ತದೆ, ನನಗೆ ಗೊತ್ತು. ಬೇಯುವುದೊಂದೇ ಗುರಿಯಾದರೆ ಹಾಗೇ ಮಾಡಿ. ಸಾರಿಗೆ ಮಸಾಲೆ ರುಬ್ಬುವಾಗ ಒಂದು ಬೇಡಿಕೆ: ಚಕ್ಕೆ-ಲವಂಗದ ಕೈ ಹಿಡಿತದಲ್ಲಿರಲಿ. ಅವು ಮೆರೆದರೆ ಹೊಗೆ ಅಡಗಿಬಿಡುತ್ತದೆ, ಬೆಳಗಿನ ಜಾವದಿಂದ ಗಾಳಿಯ ಜೊತೆ ಗುದ್ದಾಡಿದ್ದೆಲ್ಲ ದಂಡ.

ಮುದ್ದೆ ಬಿಸಿಯಿರಬೇಕು, ಸಾರು ಅದಕ್ಕಿಂತ ಬಿಸಿ. ಮೊದಲ ತುತ್ತು ಮಾಂಸವಿಲ್ಲದೆ, ಬರೀ ಸಾರಿನಲ್ಲಿ ಅದ್ದಿ ನುಂಗುವುದು ನನ್ನ ಪದ್ಧತಿ. ಖಾರ ನಾಲಿಗೆಯ ಮೇಲೆ ಹಾದುಹೋಗಿ, ಹೊಗೆ ಗಂಟಲ ಹಿಂದಿನಿಂದ ಮೂಗಿಗೆ ಬರುತ್ತದೆ. ಆಮೇಲೆ ಚೂರುಗಳ ಸರದಿ. ಪಂಕ್ತಿಯಲ್ಲಿ ಯಾವಾಗಲೂ ಜಗಳ ಹುಟ್ಟುವುದು ಇಲ್ಲಿ. ನಾಲಿಗೆ ಮೆತ್ತಗಿದೆ, ಮಕ್ಕಳಿಗೆ ಸರಿ ಅನ್ನುವವರಿದ್ದಾರೆ. ಕಣ್ಣು ನನಗೇ ಬೇಕೆಂದು ಸೌಟು ಹಿಡಿದವರಿಗೆ ಮುಂಚೆಯೇ ಹೇಳಿಟ್ಟುಕೊಳ್ಳುವ ಮಾವಂದಿರಿದ್ದಾರೆ. ಕೆನ್ನೆಯ ಮಾಂಸದ ಪಕ್ಷ ದೊಡ್ಡದು, ಅವರ ವಾದದಲ್ಲಿ ಹುರುಳೂ ಇದೆ: ಇಡೀ ದಿನ ಮೆಲುಕು ಹಾಕಿದ ದವಡೆಯಲ್ಲಿ ರುಚಿ ಇಲ್ಲದೆ ಇನ್ನೆಲ್ಲಿರಬೇಕು? ನನ್ನ ಓಟು ಮಾತ್ರ ಕಿವಿಗೆ. ಮಾಂಸವೆನ್ನುವುದು ಅದರಲ್ಲಿ ಇಲ್ಲವೇ ಇಲ್ಲ, ಬರೀ ತೊಗಲು, ನಡುವೆ ಕುರುಕುರು ಮೃದ್ವಸ್ಥಿ. ಕೆಂಡದ ಹೊಗೆ ಎರಡೂ ಕಡೆಯಿಂದ ಕೂತ ಭಾಗ ಇಡೀ ತಲೆಯಲ್ಲಿ ಅದೊಂದೇ. ಸೌಟು ಹಿಡಿದವರಿಗೆ ಈ ಸಲ ಮುಂಚೆಯೇ ಹೇಳಿಟ್ಟಿದ್ದೇನೆ.