ದಂಡಿನ ದಾರಿ, ದನದ ದಾರಿಗಳಲ್ಲಿ ಸೈಕಲ್

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಕಿನ್‌ಟೇಲ್‌ನಲ್ಲಿ ಹೊರಟು, ಹೈಲ್ಯಾಂಡ್ಸ್ ಎಂಬ ಗುಡ್ಡಸೀಮೆಯನ್ನು ಅಡ್ಡಲಾಗಿ ದಾಟಿ, ಪೂರ್ವದ ಮಾಂಟ್ರೋಸ್ ಊರಿನ ಕಡಲಂಚಿನಲ್ಲಿ ಮುಗಿಯುವ ಮೌಂಟನ್ ಬೈಕ್ ಪ್ರವಾಸ ಸುಮಾರು 300 ಕಿ.ಮೀ. ಉದ್ದದ್ದು. ಆರೇಳು ದಿನ ಹಿಡಿಯುತ್ತದೆ. ಆರೆಂಟು ಸವಾರರು, ಜೊತೆಗೊಬ್ಬ ಗೈಡ್, ಸಾಮಾನು ಹೊತ್ತು ಡಾಂಬರು ರಸ್ತೆಯಲ್ಲಿ ಸುತ್ತಿ ಬಳಸಿ ಸಂಜೆಗೆ ಎದುರಾಗುವ ಒಂದು ವ್ಯಾನು: ಏರ್ಪಾಡು ಇಷ್ಟೇ. ಕರಾವಳಿಯಿಂದ ಕರಾವಳಿಗೆ ಹೋಗುವ ದಾರಿಗಳು ಇನ್ನೂ ಹಲವಿವೆ. ಇದು ಅವುಗಳಲ್ಲಿ ರುಚಿಯುಳ್ಳದ್ದು. ಬೆಟ್ಟಗಳ ಎತ್ತರ ನೋಡಿ ಇದನ್ನು ಹಗುರವಾಗಿ ಎಣಿಸುವವರಿದ್ದಾರೆ. ಬ್ರಿಟನ್ನಿನಲ್ಲೇ ಅತಿ ಎತ್ತರದ ಬೆನ್ ನೆವಿಸ್ ಬರೀ 1345 ಮೀಟರ್. ಆದರೆ 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 800 ಮೀಟರ್ ಏರಿದರೆ ಸಾಕು, ಮರವೆಂಬುದಿಲ್ಲ, ಮರೆಯೆಂಬುದಿಲ್ಲ. ಜೂನ್‌ನಲ್ಲೂ ಆಲಿಕಲ್ಲು ಬೀಳಬಹುದು.

ಈ ಪ್ರವಾಸ ಸಾಧ್ಯವಾಗಿರುವುದು ಒಂದು ಕಾನೂನಿನಿಂದ. ಸ್ಕಾಟ್ಲೆಂಡಿನ ಭೂಸುಧಾರಣಾ ಕಾಯ್ದೆ 2003ರಲ್ಲಿ ಬಂತು, ಅದರ ಪ್ರವೇಶದ ಹಕ್ಕುಗಳು 2005ರಲ್ಲಿ ಜಾರಿಯಾದವು. ಜಮೀನು ಯಾರದ್ದೇ ಇರಲಿ, ಹೊಣೆಯರಿತು ನಡೆದುಕೊಳ್ಳುವುದಾದರೆ ಕಾಲ್ನಡಿಗೆಯವರಂತೆ ಸೈಕಲ್ ಸವಾರರೂ ಕುದುರೆ ಸವಾರರೂ ಅದನ್ನು ಹಾಯ್ದು ಹೋಗಬಹುದು. ಮನೆಯಂಗಳ, ಬೆಳೆ ನಿಂತ ಹೊಲ ಇಂಥವಕ್ಕೆ ಮಾತ್ರ ವಿನಾಯಿತಿ. ಗಡಿಯಾಚೆಯ ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ ಸೈಕಲ್ಲಿಗೆ 1968ರ ಕಾಯ್ದೆ ಕೊಟ್ಟದ್ದು ಕುದುರೆದಾರಿಗಳನ್ನಷ್ಟೇ, ಕಾಲುದಾರಿಗಳನ್ನಲ್ಲ. ಭೂಮಾಲೀಕನ ಅಪ್ಪಣೆ ಕೇಳದೆ ದೊಡ್ಡ ದೊಡ್ಡ ಎಸ್ಟೇಟುಗಳ ನಡುವೆ ದಿನಗಟ್ಟಲೆ ತುಳಿಯುವ ಸುಖ ಬ್ರಿಟನ್ನಿನಲ್ಲಿ ಇರುವುದು ಇಲ್ಲೊಂದೇ ಕಡೆ.

ಹಕ್ಕಿದ್ದರೆ ಸಾಲದು, ದಾರಿಯೂ ಬೇಕು. ಹೈಲ್ಯಾಂಡ್ಸ್‌ನ ನೆಲ ಬಹುಪಾಲು ಪೀಟ್ ಎಂಬ ಕರಿ ಜೌಗು, ಅದರ ಮೇಲೆ ಹೆದರ್ ಗಿಡದ ಹಳು. ದಾರಿ ಬಿಟ್ಟರೆ ಚಕ್ರ ಹೂತುಹೋಗುತ್ತದೆ. ಈ ನೆಲದಲ್ಲಿ ಗಟ್ಟಿಯಾಗಿ ಉಳಿದಿರುವ ಹಾದಿಗಳನ್ನು ಮೂರು ಬಗೆಯ ಜನ ತಮ್ಮ ತಮ್ಮ ಕೆಲಸಕ್ಕಾಗಿ ಮಾಡಿಕೊಂಡರು. ಮೊದಲನೆಯವರು ದನ ಹೊಡೆಯುವವರು. ಸ್ಕೈ ದ್ವೀಪದ ದನಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಕೈಲ್ ರೇ ಜಲಸಂಧಿಯಲ್ಲಿ ಈಜಿಸಿ, ಕ್ರೀಫ್ ಸಂತೆಗೂ ಆಮೇಲಾಮೇಲೆ ಫಾಲ್‌ಕರ್ಕ್ ಸಂತೆಗೂ ನಡೆಸಿಕೊಂಡು ಹೋಗುತ್ತಿದ್ದರು. ಮೂರನೆಯವರು ಜಿಂಕೆ ಬೇಟೆಯ ಎಸ್ಟೇಟಿನವರು. ರಾಣಿ ವಿಕ್ಟೋರಿಯಾಳ ಕುಟುಂಬ 1852ರಲ್ಲಿ ಬಾಲ್ಮೋರಲ್ ಕೊಂಡ ಮೇಲೆ ಹೈಲ್ಯಾಂಡ್ಸ್‌ನ ಬೇಟೆ ಸಿರಿವಂತರ ಶೋಕಿಯಾಯಿತು. ಹೊಡೆದ ಜಿಂಕೆಯನ್ನು ಕುದುರೆಯ ಮೇಲೆ ಹೇರಿ ಕೆಳಗಿಳಿಸಲು ಹದವಾದ ಇಳಿಜಾರಿನ, ನೀರು ನಿಲ್ಲದ ಕಿರುಹಾದಿಗಳನ್ನು ಕಟ್ಟಿಸಿದರು. ಹೇರು ಹೊತ್ತ ಕುದುರೆ ಎಡವದ ಹಾದಿ ಸೈಕಲ್ಲಿಗೂ ಒಗ್ಗುತ್ತದೆ. ಇಂದಿನ ಸವಾರರು ಆಸೆಪಡುವ ಸಿಂಗಲ್‌ಟ್ರ್ಯಾಕ್‌ಗಳಲ್ಲಿ ಮೇಲಾದವು ಇವೇ.

ನಡುವಿನವರು ಸೈನಿಕರು. ಪದಚ್ಯುತ ಸ್ಟುವರ್ಟ್ ಮನೆತನದ ಪರವಾಗಿ ಎದ್ದ 1715ರ ಜಾಕಬೈಟ್ ದಂಗೆಯ ನಂತರ ಗುಡ್ಡಗಾಡನ್ನು ಹದ್ದುಬಸ್ತಿನಲ್ಲಿಡಲು ಬಂದ ಜನರಲ್ ಜಾರ್ಜ್ ವೇಡ್ 1725ರಿಂದ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 400 ಕಿ.ಮೀ. ರಸ್ತೆ ಹಾಕಿಸಿದ. ಅವನ ನಂತರದ ವಿಲಿಯಂ ಕಾಲ್‌ಫೀಲ್ಡ್ ಅದಕ್ಕಿಂತ ಹೆಚ್ಚು ಹಾಕಿಸಿದರೂ ಹೆಸರು ನಿಂತದ್ದು ವೇಡ್‌ನದೇ. ಹದ್ದುಬಸ್ತಿಗೆ ಬಂದ ಹೈಲ್ಯಾಂಡ್ಸ್‌ನ ಹುಡುಗರು ಮುಂದೆ ಅದೇ ಬ್ರಿಟಿಷ್ ದೊರೆಯ ಸೈನ್ಯ ಸೇರಿದರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಇನ್ವರ್ನೆಸ್‌ನ ಉತ್ತರಕ್ಕೆ ಆಲ್‌ನೆಸ್ ಊರಿನ ಮೇಲಿರುವ ಫೈರಿಶ್ ಗುಡ್ಡದ ನೆತ್ತಿಯಲ್ಲಿ ನಾಗಪಟ್ಟಣದ ಕೋಟೆಬಾಗಿಲಿನ ಮಾದರಿಯ ಕಲ್ಲಿನ ಸ್ಮಾರಕವೊಂದಿದೆ. ಕಟ್ಟಿಸಿದವನು ಹೆಕ್ಟರ್ ಮನ್ರೋ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷ್ ಕರ್ನಲ್ ಬೇಯ್ಲಿಯ ಪಡೆಯನ್ನು ಮುಗಿಸುತ್ತಿದ್ದಾಗ ಹತ್ತಿರದ ಕಂಚಿಯಲ್ಲೇ ಇದ್ದು ಸಕಾಲಕ್ಕೆ ನೆರವಾಗದ ಸೇನಾಪತಿ ಇವನೇ. ಮರುವರ್ಷ ನಾಗಪಟ್ಟಣ ಗೆದ್ದದ್ದನ್ನು ಮಾತ್ರ ಊರಿನ ಗುಡ್ಡದ ಮೇಲೆ ನಿಲ್ಲಿಸಿದ. ಉತ್ತರದ ಕಡೆಗೆ ಹೋಗುವ ಕನ್ನಡದ ಸವಾರರು ಅರ್ಧ ದಿನ ಉಳಿಸಿಕೊಂಡು ಅದನ್ನು ನೋಡಿ ಬರಬಹುದು.

ಪ್ರವಾಸವನ್ನು ಪಶ್ಚಿಮದಿಂದ ಪೂರ್ವಕ್ಕೇ ಮಾಡಬೇಕು. ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವುದರಿಂದ ಬೆನ್ನಿಗೆ ಸಿಗುತ್ತದೆ. ಮಳೆಯ ಲೆಕ್ಕವೂ ಅದನ್ನೇ ಹೇಳುತ್ತದೆ: ಪಶ್ಚಿಮದ ಬೆಟ್ಟಗಳ ಕೆಲವೆಡೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಪೂರ್ವದ ಕೇರ್ನ್‌ಗಾರ್ಮ್ಸ್ ಮರೆಯ ಊರುಗಳಲ್ಲಿ ಸಾವಿರವನ್ನೂ ಮುಟ್ಟುವುದಿಲ್ಲ. ಕಷ್ಟ ಮೊದಲು, ಒಣ ನೆಲ ಆಮೇಲೆ.

ಮೊದಲ ದಿನವೇ ಕಠಿಣ. ಕಿನ್‌ಟೇಲ್‌ನ ಗ್ಲೆನ್ ಲಿಖ್ಟ್ ಕಣಿವೆಯ ತುದಿವರೆಗೆ ಜೀಪು ದಾರಿ. ಅಲ್ಲಿಂದ ಮುಂದೆ ಜಲಪಾತದ ಪಕ್ಕದ ಕಡಿದಾದ ಹಾದಿಯಲ್ಲಿ ಸೈಕಲ್ಲನ್ನು ನೂಕಬೇಕು, ಆಗಾಗ ಹೆಗಲಿಗೇರಿಸಬೇಕು. ನೂಕುವುದು ಅವಮಾನವೆಂದು ತಿಳಿದವರಿಗೆ ಹೈಲ್ಯಾಂಡ್ಸ್ ತಕ್ಕುದಲ್ಲ. ಮೌಂಟನ್ ಬೈಕ್ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ರೂಪು ತಳೆಯುವ ಮೊದಲೇ, 1955ರಲ್ಲಿ, ಬ್ರಿಟನ್ನಿನಲ್ಲಿ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘವಿತ್ತು. ಅದರ ಸದಸ್ಯರು ಸಾಧಾರಣ ಸೈಕಲ್ಲುಗಳನ್ನೇ ಇಂಥ ಘಾಟಿಗಳಲ್ಲಿ ಹೊತ್ತು ದಾಟುತ್ತಿದ್ದರು. ಘಾಟಿ ದಾಟಿದರೆ ಗ್ಲೆನ್ ಆಫ್ರಿಕ್. ಅಲ್ಲಿನ ಆಲ್ಟ್‌ಬೇ ಹಾಸ್ಟೆಲಿಗೆ ಪ್ರವಾಸಿಗರು ನಡೆದೋ ಸೈಕಲ್ ತುಳಿದೋ ಬರಬೇಕು. ಹತ್ತಿರದ ಡಾಂಬರು ರಸ್ತೆ ಸುಮಾರು 13 ಕಿ.ಮೀ. ದೂರ. ಅಲ್ಲಿಂದ ಕೆಳಗೆ ಸರೋವರದ ದಂಡೆಯುದ್ದಕ್ಕೂ ಕ್ಯಾಲಿಡೋನಿಯನ್ ಪೈನ್ ಮರಗಳು, ಹಿಂದೊಮ್ಮೆ ಹಬ್ಬಿದ್ದ ದಟ್ಟ ಕಾಡಿನ ಉಳಿಕೆ.

ಕಾಡುದಾರಿಗಳಲ್ಲಿ ದಕ್ಷಿಣಕ್ಕೆ ತಿರುಗಿ ಲಾಕ್ ನೆಸ್ ಸರೋವರದ ತುದಿಯ ಫೋರ್ಟ್ ಆಗಸ್ಟಸ್ ಸೇರಿದರೆ ಎದುರಿಗೆ ಕಾರಿಯಾರಿಕ್ ಘಾಟಿ. ವೇಡ್‌ನ ದಾರಿಗಳಲ್ಲೇ ಹೆಸರುವಾಸಿ. 1731ರದ್ದು, ಎತ್ತರ ಸುಮಾರು 770 ಮೀಟರ್. ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ ಏರು ತೊಡಗುತ್ತದೆ. ದಂಗೆ ಅಡಗಿಸಲು ಹಾಕಿದ ಈ ದಾರಿಯನ್ನು ಮೊದಲು ಚೆನ್ನಾಗಿ ಬಳಸಿಕೊಂಡವರು ದಂಗೆಕೋರರೇ. 1745ರ ಆಗಸ್ಟ್‌ನಲ್ಲಿ ಸರ್ಕಾರದ ಸೇನಾಪತಿ ಜಾನ್ ಕೋಪ್ ಘಾಟಿಯಲ್ಲಿ ಎದುರಾಗಲು ಅಂಜಿ ಇನ್ವರ್ನೆಸ್ ಕಡೆ ಹೊರಳಿದ. ದಂಗೆಯ ನಾಯಕ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್ ತನ್ನ ದಂಡಿನೊಡನೆ ಇದನ್ನು ದಾಟಿ ಎಡಿನ್‌ಬರೋದತ್ತ ನಡೆದ. ಇತಿಹಾಸ ಇಷ್ಟು ದೊಡ್ಡದಾದರೂ ಸವಾರಿಯ ಮಟ್ಟಿಗೆ ಇದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊಗಳಿಕೆ ಸಂದಿದೆ. ಹಳೆಯ ಕಲ್ಲುಹಾಸು ಕಿತ್ತು ಉರುಳುಗಲ್ಲಾಗಿದೆ. ಬ್ಯೂಲಿಯಿಂದ ಡೆನಿಗೆ ಹೋಗುವ ವಿದ್ಯುತ್ ಮಾರ್ಗದ ಭಾರಿ ಗೋಪುರಗಳು ಉದ್ದಕ್ಕೂ ತಲೆಯ ಮೇಲಿರುತ್ತವೆ. ಆಚೆ ಬದಿಯ ಸರಣಿ ತಿರುವುಗಳು ಮಾತ್ರ ಇಳಿಯಲು ಸೊಗಸು. ಅವು ಮುಗಿದ ಮೇಲೆ ಗಾರ್ವಾ ಸೇತುವೆ, ಲಗಾನ್ ಊರು, ಬಿಸಿ ಸೂಪು.

ಇಡೀ ಪ್ರವಾಸದಲ್ಲಿ ಒಂದೇ ದಿನ ಆರಿಸಿಕೊಳ್ಳಿ ಎಂದರೆ ಕಿಂಗ್ಯೂಸಿಯಿಂದ ಗ್ಲೆನ್ ಫೆಶಿ ಮೂಲಕ ಬ್ರೇಮಾರ್‌ಗೆ ಹೋಗುವ ಸುಮಾರು 50 ಕಿ.ಮೀ.ಗಳನ್ನೇ ಆರಿಸಬೇಕು. ಗ್ಲೆನ್ ಫೆಶಿ ಎಸ್ಟೇಟನ್ನು 2006ರಲ್ಲಿ ಡೆನ್ಮಾರ್ಕ್‌ನ ಉದ್ಯಮಿ ಆಂಡರ್ಸ್ ಪೋವ್ಲ್‌ಸನ್ ಕೊಂಡರು. ಜಿಂಕೆಗಳ ಸಂಖ್ಯೆ ತಗ್ಗಿಸಿದ್ದರಿಂದ ಅವುಗಳ ಬಾಯಿಗೆ ಸಿಕ್ಕು ಮೇಲೇಳದಿದ್ದ ಪೈನ್ ಸಸಿಗಳು ಈಗ ನದಿಯ ಎರಡೂ ದಡದಲ್ಲಿ ಆಳೆತ್ತರ ಮೀರಿ ಬೆಳೆದಿವೆ. ಬೇಲಿ ಹಾಕದೆಯೂ ಕಾಡು ತಾನಾಗಿ ಮರಳುತ್ತದೆ ಎಂಬುದನ್ನು ನೋಡಲು ಅರಣ್ಯದವರೂ ಇಲ್ಲಿಗೆ ಬರುತ್ತಾರೆ. ಬೇರುಗಳು ಹಾಯ್ದ ಕಿರಿದಾದ ಹಾದಿ ಮೇಲೇರಿದಂತೆ ಮರಗಳು ವಿರಳವಾಗಿ, ಜಲವಿಭಾಜಕದ ಬಯಲಿಗೆ ಬರುವಾಗ ಏನೂ ಉಳಿಯುವುದಿಲ್ಲ. ಅಲ್ಲಿ ಕೆಲವು ಕಿ.ಮೀ. ಹಾದಿ ಅಳಿಸಿಹೋದಂತಿದ್ದು ಜೌಗಿನಲ್ಲಿ ಹುಡುಕಿ ನಡೆಯಬೇಕು. ಆಮೇಲೆ ಗೆಲ್ಡಿ ಹೊಳೆ. ಬೇಸಿಗೆಯಲ್ಲಿ ಮೊಣಕಾಲಿನವರೆಗಿನ ನೀರು, ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ದಾಟಲಾಗದ ಪ್ರವಾಹ. ಗೈಡ್‌ಗೆ ಕೊಟ್ಟ ಹಣ ಎಲ್ಲಿ ಹೋಯಿತೆಂಬುದು ಇಲ್ಲಿ ತಿಳಿಯುತ್ತದೆ: ಹಿಂದಿನ ರಾತ್ರಿಯ ಮಳೆ ನೋಡಿ, ಬೆಳಿಗ್ಗೆ ಹೊರಡುವ ಮೊದಲೇ ಇಂದು ಬೇಡ ಎನ್ನುವುದು ಅವನ ದೊಡ್ಡ ಕೆಲಸ.

ಕೊನೆಯ ಘಟ್ಟ ಬಾಲ್ಮೋರಲ್ ಸೀಮೆ ದಾಟಿ ಗ್ಲೆನ್ ಟ್ಯಾನರ್‌ನಿಂದ ಮೌಂತ್ ಹಾದಿ ಹಿಡಿಯುತ್ತದೆ. ಸ್ಕಾಟ್ಲೆಂಡಿನಲ್ಲಿ 3000 ಅಡಿ ಮೀರಿದ 282 ಶಿಖರಗಳಿಗೆ, 1891ರಲ್ಲಿ ಪಟ್ಟಿ ಮಾಡಿದ ಹ್ಯೂ ಮನ್ರೋನ ಹೆಸರಿನಿಂದ, ಮನ್ರೋ ಎನ್ನುತ್ತಾರೆ. ಅವುಗಳಲ್ಲಿ ಪೂರ್ವದ ತುದಿಯದು ಮೌಂಟ್ ಕೀನ್, 939 ಮೀಟರ್. ಹಳೆಯ ಹಾದಿ ಅದರ ಭುಜ ಬಳಸಿ ಗ್ಲೆನ್ ಮಾರ್ಕ್‌ಗೆ ಇಳಿಯುತ್ತದೆ. ತಳದಲ್ಲಿ ಕಿರೀಟದಾಕಾರದ ಕಲ್ಲುಕಮಾನಿನ ಕೆಳಗೊಂದು ಊಟೆ. 1861ರಲ್ಲಿ ವಿಕ್ಟೋರಿಯಾ ಇಲ್ಲಿ ನೀರು ಕುಡಿದದ್ದರ ನೆನಪಿಗೆ ಅದಕ್ಕೆ ರಾಣಿಯ ಬಾವಿ ಎಂಬ ಹೆಸರು. ಅಲ್ಲಿಂದ ಕಡಲಿಗೆ ದಾರಿ ಇಳಿಮುಖ, ಸಲೀಸು.

ದೂರ ಕ್ರಮಿಸುವ ಹಟವಿಲ್ಲದೆ ಇಳಿಜಾರಿನ ರುಚಿಯನ್ನೇ ಬಯಸುವವರು ವಾಯವ್ಯದ ಟಾರಿಡಾನ್‌ನಲ್ಲಿ ಬೀಡುಬಿಟ್ಟು ದಿನಕ್ಕೊಂದು ಸುತ್ತು ಹೊಡೆಯುವುದು ಲೇಸು. ಅಲ್ಲಿಯ ಬೇಟೆಹಾದಿಗಳು ಸುಮಾರು 100 ಕೋಟಿ ವರ್ಷ ಹಳೆಯ ಕೆಂಪು ಮರಳುಗಲ್ಲಿನ ಹಾಸುಬಂಡೆಗಳ ಮೇಲೆ ಸಾಗುತ್ತವೆ. ಈ ಕಲ್ಲು ಒದ್ದೆಯಾದರೂ ಟೈರನ್ನು ಹಿಡಿದುಕೊಳ್ಳುತ್ತದೆ. ಮಳೆನಾಡಿನಲ್ಲಿ ಇಂಥ ಕಲ್ಲು ಸಿಕ್ಕಿರುವುದು ಸವಾರರ ಪುಣ್ಯ. ಕ್ವಾರ್ಟ್‌ಜೈಟ್ ಬಂದ ಕಡೆ ಮಾತ್ರ ಎಚ್ಚರ: ಅಲುಗಾಡುವ ಚೂಪು ಚಿಪ್ಪುಗಳು ಟೈರಿನ ಪಕ್ಕೆಯನ್ನು ಸೀಳುತ್ತವೆ. ಆನಟ್ ಕಡೆಗೂ ಆಕ್ನಶೆಲಾಖ್ ಕಡೆಗೂ ಇಳಿಯುವ ಹಾದಿಗಳು ಬ್ರಿಟನ್ನಿನಲ್ಲೇ ಶ್ರೇಷ್ಠವೆಂಬ ಮಾತಿಗೆ ಎದುರಾಡುವವರು ಕಡಿಮೆ.

ಸೈಕಲ್ಲಿನ ವಿಷಯದಲ್ಲಿ ದುಬಾರಿಗಿಂತ ಗಟ್ಟಿಮುಟ್ಟು ಮುಖ್ಯ. 120ರಿಂದ 140 ಮಿ.ಮೀ. ಸಸ್ಪೆನ್ಷನ್, 29 ಇಂಚಿನ ಚಕ್ರ, ಗಟ್ಟಿ ಪಕ್ಕೆಯ ಟ್ಯೂಬ್‌ಲೆಸ್ ಟೈರು ಸಾಕು. ಈ ಹಾದಿಗಳಿಗೆ ಅಡ್ಡಲಾಗಿ ನೀರು ಹರಿಸಲು ನಿಲ್ಲಿಸಿದ ಚಪ್ಪಡಿಗಳೂ ಅವುಗಳ ಮುಂದಿನ ಕಾಲುವೆಗಳೂ ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಮುಂಚಕ್ರ ಎತ್ತಿ ಹಾರಿಸಲು ಬಾರದವರಿಗೆ ಟ್ಯೂಬಿದ್ದರೆ ಪಂಕ್ಚರ್ ಖಚಿತ, ಇಲ್ಲದಿದ್ದರೆ ರಿಮ್ ಡೊಂಕು. ಬ್ರೇಕ್ ಪ್ಯಾಡ್ ಲೋಹದ್ದೇ ಇರಲಿ. ರೆಸಿನ್ ಪ್ಯಾಡ್‌ಗಳನ್ನು ಗ್ರಾನೈಟ್ ಮರಳು ಬೆರೆತ ಮಳೆನೀರು ಒಂದೇ ದಿನದಲ್ಲಿ ತಿಂದುಹಾಕಬಲ್ಲದು. ತಮ್ಮ ಸೈಕಲ್ಲಿನ ಡಿರೈಲರ್ ಹ್ಯಾಂಗರ್ ಒಂದನ್ನು ಹೆಚ್ಚಿಗೆ ಒಯ್ಯುವುದು ಜಾಣತನ. ಅದು ಗೈಡ್‌ನ ಚೀಲದಲ್ಲಿ ಇರುವುದಿಲ್ಲ. ಇ-ಬೈಕ್‌ಗೂ ಕಾನೂನಿನ ಅಡ್ಡಿಯಿಲ್ಲ, ಮೋಟಾರು 250 ವಾಟ್ ಮೀರದೆ ಗಂಟೆಗೆ 25 ಕಿ.ಮೀ. ಆದೊಡನೆ ನಿಂತರೆ ಸರಿ. ಆದರೆ 23 ಕಿಲೋ ತೂಕದ್ದನ್ನು ಜಿಂಕೆ ಬೇಲಿಯ ಮೇಲಿನಿಂದ ಎತ್ತಿ ದಾಟಿಸುವಾಗ ಬ್ಯಾಟರಿ ಸಹಾಯಕ್ಕೆ ಬಾರದು.

ಕಾಲದ ಆಯ್ಕೆಯಲ್ಲಿ ಮೇ ತಿಂಗಳಿಗೆ ಸಾಟಿಯಿಲ್ಲ. ಹಗಲು ದೀರ್ಘ, ಹಾದಿ ಸಾಮಾನ್ಯವಾಗಿ ಒಣಗಿರುತ್ತದೆ, ಮಿಜ್ ಎಂಬ ಕಚ್ಚುವ ನೊರಜು ಇನ್ನೂ ಎದ್ದಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಿಲ್ಲದ ಸಂಜೆಗಳಲ್ಲಿ ಅವು ಮೋಡವಾಗಿ ಮುತ್ತುತ್ತವೆ. ಓಡುವ ಸೈಕಲ್ಲನ್ನು ಹಿಂಬಾಲಿಸಲಾರವು. ಪಂಕ್ಚರ್ ಹಾಕಲು ಕುಳಿತರೆ ಬಿಡವು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಿಂಕೆ ಬೇಟೆ ಬಿರುಸು. ಆಗ ಗೈಡ್ ಎಸ್ಟೇಟಿನವರಿಗೆ ಫೋನ್ ಮಾಡಿ ದಾರಿ ಬದಲಿಸುವುದುಂಟು. ಹೊಣೆಯರಿತ ನಡವಳಿಕೆ ಎಂದು ಕಾನೂನು ಹೇಳುವುದರಲ್ಲಿ ಇದೂ ಸೇರಿದೆ. ರಾತ್ರಿಯ ತಂಗು ಹಳ್ಳಿಯ ಅತಿಥಿಗೃಹಗಳಲ್ಲಿ. ಮೌಂಟನ್ ಬಾಥೀಸ್ ಅಸೋಸಿಯೇಷನ್ 1965ರಿಂದ ನೋಡಿಕೊಂಡು ಬರುತ್ತಿರುವ ಸುಮಾರು ನೂರು ಬಾಥಿಗಳು, ಅಂದರೆ ಬೆಟ್ಟದ ಒಂಟಿ ಕಲ್ಲುಮನೆಗಳು, ಎಲ್ಲರಿಗೂ ಪುಕ್ಕಟೆ. ಹಣ ಪಡೆದು ನಡೆಸುವ ತಂಡಗಳು ಮಾತ್ರ ಅಲ್ಲಿ ಬೀಡುಬಿಡುವಂತಿಲ್ಲ.

ಫೋರ್ಟ್ ವಿಲಿಯಂನಲ್ಲಿ ವಿಶ್ವಕಪ್ ಡೌನ್‌ಹಿಲ್ ಟ್ರ್ಯಾಕ್ ಇದೆ, ಲಗಾನ್‌ನಲ್ಲಿ ಬಣ್ಣದ ದರ್ಜೆ ಹಚ್ಚಿದ ಟ್ರೇಲ್ ಸೆಂಟರ್ ಇದೆ. ಹೊರಡುವ ಮುನ್ನ ಅರ್ಧ ದಿನ ಕೈ ಪಳಗಿಸಿಕೊಳ್ಳಲು ಅವು ಚೆನ್ನ. ಅಲ್ಲಿ ಸವಾರನ ಸಲುವಾಗಿಯೇ ತಿರುವಿಗೆ ಏರಿ ಕಟ್ಟಿರುತ್ತಾರೆ, ನೆಗೆತಕ್ಕೆ ದಿಬ್ಬ ಮಾಡಿರುತ್ತಾರೆ. ಬೆಟ್ಟದ ಹಾದಿ ಅಂಥ ಯಾವ ಉಪಕಾರವನ್ನೂ ಮಾಡುವುದಿಲ್ಲ. ವಾಪಸು ಬರಲು ಮಾಂಟ್ರೋಸ್‌ನಲ್ಲೇ ರೈಲು ನಿಲ್ದಾಣವಿದೆ, ಎಡಿನ್‌ಬರೋ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಒಂದೊಂದು ಗಾಡಿಯಲ್ಲಿ ಸೈಕಲ್ಲಿಗಿರುವ ಜಾಗ ಕೆಲವೇ ಕೆಲವು. ಹಾಗಾಗಿ ಎಂಟು ಜನರ ತಂಡ ಒಂದೇ ಗಾಡಿಯನ್ನು ನಂಬದೆ, ತನ್ನ ಸೈಕಲ್ಲುಗಳನ್ನು ವ್ಯಾನಿಗೇ ಒಪ್ಪಿಸುವುದು ವಾಡಿಕೆ.