ಕಾಲಾಳುಗಳ ಆಸರೆ

ಉಮರ್ಗಾ, ನಿಲಂಗಾ, ಉದಗೀರ್ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ನಿಜವಾದ ದಂಡನ್ನು ನಡೆಸಿದ ಅರಸ ಅದರಲ್ಲಿ ಚತುರಂಗದಾಟಕ್ಕೂ ಜಾಗ ಕೊಟ್ಟದ್ದು ಸೊಗಸು.

ಹಳೆಯ ದೇಸಿ ಕಟ್ಟಳೆಯ ಚದುರಂಗದಲ್ಲಿ ಕಾಪಾಡಿಕೊಳ್ಳುವುದೇ ದೊಡ್ಡ ಜಾಣ್ಮೆ. ಕಾಲಾಳು ಒಂದೇ ಮನೆ ಮುಂದೆ ಸರಿಯುತ್ತದೆ, ಓರೆಯಾಗಿ ಹೊಡೆಯುತ್ತದೆ; ಒಂದರ ಓರೆಗೆ ಇನ್ನೊಂದನ್ನು ನಿಲ್ಲಿಸುತ್ತ ಹೋದರೆ ಹಿಂದಿನದು ಮುಂದಿನದಕ್ಕೆ ಆಸರೆ. ಇಂದಿನ ಕ್ಯಾಸ್ಲಿಂಗ್ ಅಲ್ಲಿಲ್ಲ. ಬದಲಿಗೆ, ಶಹ ಬೀಳುವ ಮೊದಲು ರಾಜ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದು. ಆ ಜಿಗಿತವನ್ನು ಕಾದಿರಿಸಿಕೊಳ್ಳುವುದರಲ್ಲೇ ಪಳಗಿದ ಕೈ ಗೊತ್ತಾಗುವುದು: ಎದುರಾಳಿಯ ಕುದುರೆ ಹತ್ತಿರ ಸುಳಿದರೂ ಆತುರವಿಲ್ಲ, ಆನೆಯ ದಾರಿ ಮುಚ್ಚಿದ ಮೇಲೆ, ಕಾಲಾಳು ತೆರವು ಮಾಡಿದ ಮನೆಗೆ ರಾಜ ಹಾರುತ್ತಾನೆ.