ಹುತ್ತದ ಒಕ್ಕಲು, ಗೂಡಿನ ಒಕ್ಕಲು

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಶೆಡ್ ಏಳದ ಸೈಟುಗಳಿವೆಯಲ್ಲ, ಲಂಟಾನ ಹಬ್ಬಿ ಮೂಲೆಯಲ್ಲೊಂದು ಹುತ್ತ ಬೆಳೆದಿರುವಂಥವು, ಮುಂಗಾರಿನಲ್ಲಿ ನೋಡಬೇಕಾದ್ದು ಅವನ್ನೇ. ಹಕ್ಕಿಯ ಹುಚ್ಚಿನವರು ತಲೆಯೆತ್ತಿ ಚಾತಕ ಹುಡುಕಲಿ, ಅಣಬೆಯವರು ತಲೆ ಬಗ್ಗಿಸಿ ಹುತ್ತದ ಬುಡ ನೋಡಲಿ. ಎರಡೂ ಪರರ ಮನೆಯಲ್ಲಿ ಬೆಳೆಯುವ ಜೀವಗಳೇ.

ಮಳೆಹನಿ ಬಿಟ್ಟು ಬೇರೇನೂ ಮುಟ್ಟದ ಹಕ್ಕಿಯೆಂದು ಚಾತಕಕ್ಕೆ ಕಾಳಿದಾಸನ ಕಾಲದಿಂದಲೂ ಭಾರೀ ಹೆಸರು. ಮೊಟ್ಟೆ ಇಡುವುದು ಮಾತ್ರ ಹರಟೆಮಲ್ಲನ ಗೂಡಿನಲ್ಲಿ. ಬಣ್ಣವೂ ಆತನ ಮೊಟ್ಟೆಯದೇ ನೀಲಿ. ಆಫ್ರಿಕಾದಿಂದ ಮುಂಗಾರಿನ ಜೊತೆ ಬರುತ್ತದೆ ಎಂಬ ಮಾತು ಉತ್ತರ ಭಾರತಕ್ಕೆ ಹೆಚ್ಚು ಸಲ್ಲುತ್ತದೆ. ದಕ್ಷಿಣದಲ್ಲಿ ವರ್ಷವಿಡೀ ಇರುವ, ತುಸು ಚಿಕ್ಕ ಬಳಗವೂ ಉಂಟು. ಮರಿ ಮನೆಮಕ್ಕಳನ್ನು ಗೂಡಿನಿಂದಾಚೆ ತಳ್ಳುವುದಿಲ್ಲ, ಅಷ್ಟರಮಟ್ಟಿಗೆ ಸಭ್ಯ. ಬಾಡಿಗೆ ಮಾತ್ರ ಕೇಳಬೇಡಿ.

ಹುತ್ತದಣಬೆ ಬಾಡಿಗೆ ಕೊಟ್ಟೇ ಇರುವ ಒಕ್ಕಲು. ಗೆದ್ದಲು ಒಣಸೊಪ್ಪು, ಕಟ್ಟಿಗೆ ಅಗಿದು ನೆಲದೊಳಗೆ ತೂತುತೂತಾದ ದಿಂಡು ಕಟ್ಟುತ್ತದೆ. ಅಣಬೆಯ ಬಿಳಿ ಎಳೆಗಳು ಅದರಲ್ಲಿ ಹಬ್ಬಿ, ಗೆದ್ದಲಿಗೆ ಅರಗದ ನಾರನ್ನು ಕರಗಿಸಿಕೊಡುತ್ತವೆ. ಈ ಕರಾರಿಗೆ ಸುಮಾರು 3 ಕೋಟಿ ವರ್ಷ. ಮಳೆ ಹಿಡಿದಾಗ ಕಾಂಡ ಆ ದಿಂಡಿನಿಂದಲೇ ಹೊರಟು ಮೇಲೇಳುತ್ತದೆ. ಟೊಪ್ಪಿಗೆಯ ನೆತ್ತಿಯಲ್ಲಿ ಮಣ್ಣು ತೂರಲೆಂದೇ ಒಂದು ಗಟ್ಟಿ ಮೊನೆ. ಬೆರಳಾಡಿಸಿ ನೋಡಿ, ಸುತ್ತಲಿನ ರೇಷ್ಮೆ ನುಣುಪಿನ ನಡುವೆ ಅದೊಂದೇ ಒರಟು. ಕಿತ್ತರೆ ಕಾಂಡದ ಬೇರಿನಂಥ ಬಾಲ ನೆಲದೊಳಗೇ ಮುರಿದುಳಿಯುತ್ತದೆ. ಬಟನ್, ಚಿಪ್ಪಣಬೆ ಬೆಳೆದಂತೆ ಶೆಡ್ಡಿನಲ್ಲಿ ಇದನ್ನು ಬೆಳೆಯಲು ಮನುಷ್ಯನಿಗೆ ಆಗಿಲ್ಲ, ಗೆದ್ದಲಿಗೆ ಆಗುತ್ತದೆ. ನನ್ನ ಓಟು ಅಣಬೆಗೇ.

ಇಲ್ಲಿನ ಟೊಯೊಟಾ ಕಾರ್ಖಾನೆಯ ಆವರಣದಲ್ಲಿ, ಗಿಡಗಳನ್ನು ಒತ್ತೊತ್ತಾಗಿ ನೆಡುವ ಮಿಯಾವಾಕಿ ಪದ್ಧತಿಯ ಕಾಡು ಬೆಳೆದಿದೆ. ಅಲ್ಲಿ ಎಂಜಿನಿಯರ್ ಆಗಿದ್ದ ಶುಭೇಂದು ಶರ್ಮಾ 2011ರಲ್ಲಿ ಕಾಡು ಬೆಳೆಸುವುದನ್ನೇ ಕಸುಬು ಮಾಡಿಕೊಂಡರು. ಇಂಥ ದಟ್ಟ ಪೊದೆ ಹರಟೆಮಲ್ಲನಿಗೆ ಸಾಕು, ಹಿಂದೆಯೇ ಚಾತಕ ಬಂದೀತು. ಆದರೆ ಜೆಸಿಬಿ ಆಡಿದ ನೆಲದಲ್ಲಿ ಹುತ್ತ ಮತ್ತೆ ಅಣಬೆ ಬಿಡುವಷ್ಟು ಬಲಿಯಲು ವರ್ಷಗಳೇ ಬೇಕು.

ಹುಲ್ಲುಹಾಸಿನಲ್ಲಿ ಏಳುವ, ಕಂದು ಹಕ್ಕಳೆಯ ದೊಡ್ಡ ಬಿಳಿ ಅಣಬೆಗೆ ಮಾತ್ರ ಕೈ ಹಾಕಬೇಡಿ. ವಾಂತಿ ಭೇದಿ ಖಚಿತ. ಟೊಪ್ಪಿಗೆಯನ್ನು ರಾತ್ರಿ ಬಿಳಿ ಕಾಗದದ ಮೇಲಿಟ್ಟರೆ ಅದು ಹಸಿರು ಪುಡಿ ಉದುರಿಸುತ್ತದೆ, ಹುತ್ತದಣಬೆ ತಿಳಿ ಗುಲಾಬಿ. ಗುಲಾಬಿ ಬಿತ್ತೆಂದು ಸಾರಿಗೆ ಹಾಕಲೂ ಬೇಡಿ, ವಿಷದ ಜಾತಿಗಳಲ್ಲೂ ಗುಲಾಬಿ ಪುಡಿಯವಿವೆ. ಗುರುತು ಬಲ್ಲ ಊರಿನ ಹಿರಿಯರಿಗೆ ತೋರಿಸಿ, ಆಮೇಲೆ ಒಲೆ ಹಚ್ಚಿ.